ಲಕ್ಕಿ ಎಣ್ಣೆ, ನೋವಿನ ಮುಲಾಮು ಮನೆಯಲ್ಲೇ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಅಡಿಕೆ ಕೊನೆ (ಗೊಂಚಲು) ಕೊಯ್ಯುವ ಹೊತ್ತಿಗೆ ಮನೆಯಲ್ಲಿ ಒಬ್ಬರಿಗಾದರೂ ಸೊಂಟವೋ ಭುಜವೋ ಹಿಡಿದುಕೊಂಡಿರುತ್ತದೆ. ಮರ ಹತ್ತುವ ಕೊನೆಗೌಡರಿಗೆ ತೊಡೆ ನೋವು, ಕೂತು ಅಡಿಕೆ ಸುಲಿಯುವವರಿಗೆ ಕುತ್ತಿಗೆ ನೋವು. ಅದಕ್ಕೇ ದೀಪಾವಳಿ ಕಳೆದ ಮೇಲೆ ಒಂದು ದಿನ ಹಿತ್ತಲಿನ ಒಲೆ ಹಚ್ಚಿ ಲಕ್ಕಿ ಗಿಡದ ಸೊಪ್ಪು ಹಾಕಿ ವರ್ಷಕ್ಕಾಗುವಷ್ಟು ನೋವಿನ ಎಣ್ಣೆ ಕಾಯಿಸಿಡುತ್ತೇವೆ. ನೆಂಟರು, ನೆರೆಯವರು, ಊರು ಬಿಟ್ಟು ಹೋದ ಮಕ್ಕಳು ವರ್ಷವೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಮೊದಲ ಪ್ರಶ್ನೆಯನ್ನಾದರೂ ಓದಿಕೊಳ್ಳಿ.

ಬಿದ್ದು ಪೆಟ್ಟಾದ ತಕ್ಷಣ ಎಣ್ಣೆ ಹಾಕಿ ತಿಕ್ಕಬಹುದಾ?

ಬೇಡ. ಪೆಟ್ಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ಸಣ್ಣ ರಕ್ತನಾಳ ಒಡೆದಿರುತ್ತವೆ. ತಿಕ್ಕಿದರೆ, ಬಿಸಿ ಕೊಟ್ಟರೆ ಒಳಗೆ ಇನ್ನಷ್ಟು ರಕ್ತ ಸೋರುತ್ತದೆ, ಊತ ಜಾಸ್ತಿಯಾಗುತ್ತದೆ. ಮೊದಲ ಎರಡು ದಿನ ತಣ್ಣಗಿನದೇ ಒಳ್ಳೆಯದು. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ತೆಗೆಯಿರಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಕಾಲಿಗೆ ಪೆಟ್ಟಾಗಿದ್ದರೆ ದಿಂಬಿನ ಮೇಲೆ ಎತ್ತಿಡಿ. ಎಣ್ಣೆಯ ಸರದಿ ಮೂರನೇ ದಿನದಿಂದ. ಆಗಲೂ ಮೇಲೆ ಮೇಲೆ ಸವರಬೇಕು, ಒತ್ತಬಾರದು.

ಇದನ್ನು ನಾವು ಕಷ್ಟಪಟ್ಟು ಕಲಿತೆವು. ಒಂದು ಮಳೆಗಾಲ ನಮ್ಮ ತಂದೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಪಾದದ ಗಂಟು ಊದಿತು. ಉಳುಕಿದೆ ಅಂದುಕೊಂಡು ನಾಲ್ಕು ದಿನ ನಾನೇ ಬಿಸಿ ಎಣ್ಣೆ ಹಾಕಿ ತಿಕ್ಕಿದೆ. ಅವರು ಹಲ್ಲು ಕಚ್ಚಿ ಸಹಿಸಿಕೊಂಡರು. ಐದನೇ ದಿನ ಎಕ್ಸ್‌ರೇ ತೆಗೆಸಿದಾಗ ಮೂಳೆ ಬಿರುಕು ಬಿಟ್ಟಿತ್ತು. ಆ ನಾಲ್ಕು ದಿನದ ನೋವು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಮೊಣಕೈಗೆ, ಅದರಲ್ಲೂ ಮಕ್ಕಳ ಮೊಣಕೈಗೆ ಪೆಟ್ಟಾದಾಗ ನೀವಬೇಡಿ, ನೀವಿಸಲೂಬೇಡಿ. ಜಜ್ಜಿದ ಮಾಂಸಖಂಡವನ್ನು ಜೋರಾಗಿ ತಿಕ್ಕಿದರೆ ಅದರೊಳಗೇ ಮೂಳೆ ಬೆಳೆದು ಕೈ ಮಡಚಲಾಗದಂತೆ ಗಟ್ಟಿಯಾಗುವುದುಂಟು. ನಮ್ಮ ದೇಶದ ಮೂಳೆ ಡಾಕ್ಟರುಗಳು ಇದನ್ನು ಎಚ್ಚರಿಸುತ್ತಲೇ ಬಂದಿದ್ದಾರೆ.

ಹಾಗಾದರೆ ಎಣ್ಣೆ ಯಾವ ನೋವಿಗೆ?

ದುಡಿದು ಬಂದ ನೋವಿಗೆ. ಗದ್ದೆ ನೆಟ್ಟಿ, ಹೊರೆ ಹೊತ್ತದ್ದು, ದಿನವಿಡೀ ಕಂಪ್ಯೂಟರ್ ಮುಂದೆ ಕೂತದ್ದು, ಹೊಸದಾಗಿ ಜಿಮ್‌ಗೆ ಸೇರಿದ್ದು. ಹಳೆಯ ಮಂಡಿ ನೋವು, ಚಳಿಗೆ ಬಿಗಿಯುವ ಸೊಂಟ ಇವಕ್ಕೂ ಹಿತವಾಗುತ್ತದೆ. ಪೆಟ್ಟಿನ ಕಪ್ಪು ಕಲೆಗೆ ಎಣ್ಣೆಯಿಂದ ಅಂಥ ದೊಡ್ಡ ಪ್ರಯೋಜನವಿಲ್ಲ. ಆ ಕಲೆ ನೀಲಿಯಿಂದ ಹಸಿರು, ಆಮೇಲೆ ಹಳದಿ ಆಗುತ್ತಾ ಸುಮಾರು ಎರಡು ವಾರದಲ್ಲಿ ತಾನೇ ಮಾಯುತ್ತದೆ. ಸೋರಿದ ರಕ್ತವನ್ನು ದೇಹ ಒಡೆದು ಹೀರಿಕೊಳ್ಳುವಾಗ ಬರುವ ಬಣ್ಣಗಳು ಅವು.

ಲಕ್ಕಿ ಗಿಡ ಗುರುತು ಹಿಡಿಯುವುದು ಹೇಗೆ?

ಹಳ್ಳದ ಬದಿ, ಬೇಲಿ ಸಾಲಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಪೊದೆ. ಒಂದು ತೊಟ್ಟಿಗೆ ಮೂರು ಅಥವಾ ಐದು ಎಲೆ, ಬೆರಳು ಬಿಡಿಸಿದ ಹಾಗೆ. ಎಲೆಯ ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಣ್ಣ. ಹೂವು ತಿಳಿ ನೇರಳೆ, ಗೊಂಚಲಾಗಿ ಬಿಡುತ್ತದೆ. ಎಲೆಯನ್ನು ಅಂಗೈಯಲ್ಲಿ ಹಿಸುಕಿ ಮೂಸಿದರೆ ಖಾರವಾದ ಘಾಟು ಬರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕರಾವಳಿಯಲ್ಲಿ ನೆಕ್ಕಿ ಅನ್ನುತ್ತಾರೆ, ಆಯುರ್ವೇದದಲ್ಲಿ ನಿರ್ಗುಂಡಿ. ದನ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ ಹಾಕುವುದು. ನಮ್ಮ ಕಡೆ ಬಾಣಂತಿಯ ಸ್ನಾನದ ಹಂಡೆಗೂ ಈ ಸೊಪ್ಪು ಬೀಳುತ್ತದೆ. ಒಂದು ಕಡ್ಡಿ ಊರಿದರೂ ಚಿಗುರುವ ಗಿಡ ಇದು, ಜಾಗವಿದ್ದರೆ ಒಂದು ಹಚ್ಚಿಕೊಳ್ಳಿ.

ಎಣ್ಣೆಗೆ ಏನೇನು, ಎಷ್ಟೆಷ್ಟು?

ಅರ್ಧ ಲೀಟರ್ ಎಳ್ಳೆಣ್ಣೆಗೆ ನಾನು ಹಾಕುವುದು ಇಷ್ಟು: ಲಕ್ಕಿ ಸೊಪ್ಪು ಕಾಲು ಕಿಲೋ, ಬೆಳ್ಳುಳ್ಳಿ 50 ಗ್ರಾಂ, ಹಸಿ ಅರಿಶಿನದ ಕೊಂಬು 25 ಗ್ರಾಂ, ಒಣಶುಂಠಿ 25 ಗ್ರಾಂ, ಓಮ 25 ಗ್ರಾಂ. ಕೊನೆಗೆ ಕರ್ಪೂರ 15 ಗ್ರಾಂ.

ಸೊಪ್ಪು ತೊಳೆದು, ಒಂದು ಲೀಟರ್ ನೀರು ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ ರಸ ತೆಗೆಯಿರಿ. ಕರ್ಪೂರ ಬಿಟ್ಟು ಉಳಿದದ್ದನ್ನೆಲ್ಲ ನುಣ್ಣಗೆ ಅರೆಯಿರಿ. ದಪ್ಪ ತಳದ, ಅಗಲ ಬಾಯಿಯ ಪಾತ್ರೆ ಬೇಕು. ಎಣ್ಣೆ ಅರ್ಧ ಲೀಟರ್ ಆದರೂ ಪಾತ್ರೆ ನಾಲ್ಕು ಲೀಟರಿನದು ಇರಲಿ. ನೊರೆ ಉಕ್ಕಿ ಒಲೆಗೆ ಬಿದ್ದರೆ ಬೆಂಕಿ ಹತ್ತುತ್ತದೆ. ರಸ, ಅರೆದ ಮುದ್ದೆ, ಎಣ್ಣೆ ಮೂರನ್ನೂ ತಣ್ಣಗಿರುವಾಗಲೇ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿಡಿ. ಕಾದ ಎಣ್ಣೆಗೆ ರಸ ಸುರಿದರೆ ಮುಖಕ್ಕೇ ಸಿಡಿಯುತ್ತದೆ.

ಆಮೇಲೆ ಬೇಕಾದ್ದು ತಾಳ್ಮೆ. ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಮುದ್ದೆ ತಳ ಹಿಡಿಯದಂತೆ ಮರದ ಸೌಟಿನಲ್ಲಿ ತಿರುವುತ್ತಲೇ ಇರಬೇಕು. ಆಯುರ್ವೇದದ ಗ್ರಂಥಗಳಲ್ಲಿ ಅರೆದ ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು ಎಂಬ ಲೆಕ್ಕವಿದೆ. ಅಷ್ಟು ರಸ ಬತ್ತಿಸಲು ಮನೆಯ ಒಲೆಯಲ್ಲಿ ದಿನವೇ ಬೇಕು, ಹಾಗಾಗಿ ನಮ್ಮ ಅಳತೆಯಲ್ಲಿ ರಸ ಕಡಿಮೆ.

ಹದ ಬಂದದ್ದು ಗೊತ್ತಾಗುವುದು ಹೇಗೆ?

ಕಿವಿ, ಬೆರಳು, ಬೆಂಕಿ ಮೂರರಿಂದಲೂ. ನೀರು ಇರುವಷ್ಟು ಹೊತ್ತು ಪಾತ್ರೆಯಲ್ಲಿ ಚಟಪಟ ಸದ್ದು ಕೇಳುತ್ತಲೇ ಇರುತ್ತದೆ. ಸದ್ದು ಇಳಿಯುತ್ತಾ ಬಂದಾಗ ಮೇಲೆ ನೊರೆ ಏಳುತ್ತದೆ. ಆಗ ಮುದ್ದೆಯಿಂದ ಒಂದು ಚಿಟಿಕೆ ತೆಗೆದು, ಆರಿದ ಮೇಲೆ ಎರಡು ಬೆರಳ ನಡುವೆ ಹೊಸೆಯಿರಿ. ಹತ್ತಿಯ ಬತ್ತಿಯ ಹಾಗೆ ಉದ್ದಕ್ಕೆ ಬಂದರೆ ಹದವಾಗಿದೆ. ಅದನ್ನು ಬೆಂಕಿಗೆ ಹಿಡಿದರೆ ಸಿಡಿಯದೆ ಸುಮ್ನೆ ಉರಿಯಬೇಕು. ಸಿಡಿದರೆ ನೀರಿನಂಶ ಇನ್ನೂ ಇದೆ ಎಂದರ್ಥ. ಮುದ್ದೆ ಮರಳಿನಂತೆ ಉದುರಾಗಿ ಕರಿ ವಾಸನೆ ಬಂದರೆ ಹದ ಮೀರಿದೆ. ಬೆಳ್ಳುಳ್ಳಿ ಇರುವುದರಿಂದ ಕೊನೆಯ ಹತ್ತು ನಿಮಿಷದಲ್ಲಿ ಬೇಗ ಸೀಯುತ್ತದೆ. ಆ ಹೊತ್ತಿನಲ್ಲಿ ಫೋನ್ ಬಂದರೂ ಎತ್ತಬೇಡಿ.

ಇಳಿಸಿ, ಕೈಗೆ ತಾಳುವಷ್ಟು ಬಿಸಿ ಇರುವಾಗ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ. ಕರ್ಪೂರವನ್ನು ಪುಡಿ ಮಾಡಿ ಆಗ ಹಾಕಿ, ಮುಚ್ಚಿಡಿ, ಕರಗುತ್ತದೆ. ಒಲೆಯ ಮೇಲಿರುವಾಗ ಹಾಕಿದರೆ ಅರ್ಧ ಕರ್ಪೂರ ಆವಿಯಾಗಿ ಹೋಗುತ್ತದೆ, ಆವಿಗೆ ಬೆಂಕಿಯೂ ಹತ್ತಬಹುದು.

ಎಳ್ಳೆಣ್ಣೆಯೇ ಆಗಬೇಕಾ? ಕೊಬ್ಬರಿ ಎಣ್ಣೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ಕೇರಳದವರ ಮುರಿವೆಣ್ಣೆ ಕೊಬ್ಬರಿ ಎಣ್ಣೆಯಲ್ಲೇ ಆಗುವುದು. ಅದಕ್ಕೆ ವೀಳ್ಯದೆಲೆ, ನುಗ್ಗೆ ಸೊಪ್ಪು, ಲೋಳೆಸರ, ಈರುಳ್ಳಿ ಎಲ್ಲ ಬೀಳುತ್ತದೆ. ತೊಂದರೆ ಒಂದೇ: ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರ್ ಚಳಿಯಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಉತ್ತರ ಕರ್ನಾಟಕದ ಕಡೆ ಔಡಲೆಣ್ಣೆಯನ್ನು (ಹರಳೆಣ್ಣೆ) ಬಿಸಿ ಮಾಡಿ ಸೊಂಟಕ್ಕೆ, ಮಂಡಿಗೆ ಹಚ್ಚುತ್ತಾರೆ. ಅದು ತೀರಾ ಅಂಟು, ಎಳ್ಳೆಣ್ಣೆಯ ಜೊತೆ ಕಾಲು ಭಾಗ ಬೆರೆಸಿದರೆ ಸಾಕು. ಗಾಣದ ಎಣ್ಣೆ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಅಲೆಯಬೇಡಿ.

ಪೂಜೆಯ ಕರ್ಪೂರ ಹಾಕಬಹುದಾ?

ಹಾಕಬೇಡಿ. ಆರತಿಗೆಂದು ಮಾರುವ ಬಿಲ್ಲೆಯಲ್ಲಿ ಏನು ಬೆರೆತಿದೆ ಎಂದು ತಿಳಿಯುವುದು ಕಷ್ಟ. ಗ್ರಂಧಿಗೆ ಅಂಗಡಿಯಲ್ಲಿ ಭೀಮಸೇನಿ ಕರ್ಪೂರ ಎಂದು ಕೇಳಿ ಹರಳಿನ ರೂಪದ್ದು ತನ್ನಿ. ಒಳ್ಳೆಯ ಕರ್ಪೂರ ಎಣ್ಣೆಯಲ್ಲಿ ಪೂರ್ತಿ ಕರಗುತ್ತದೆ, ತಳದಲ್ಲಿ ಪುಡಿ ಉಳಿಯುವುದಿಲ್ಲ. ಮೇಲಿನ ಅಳತೆಯಲ್ಲಿ ಕರ್ಪೂರ ಸುಮಾರು ಶೇ 3 ಆಗುತ್ತದೆ. ಅಮೆರಿಕದಲ್ಲಿ ಹಚ್ಚುವ ಔಷಧಿಗಳಿಗೆ ಶೇ 11ರ ಮಿತಿ ಇದೆ. ಘಾಟು ಜಾಸ್ತಿ ಇದ್ದರೆ ಗುಣ ಜಾಸ್ತಿ ಎಂದು ಕೈ ಬಿಚ್ಚಿ ಹಾಕಬೇಡಿ.

ಮುಲಾಮು ಮಾಡುವುದು ಹೇಗೆ?

ಎಣ್ಣೆ ಮಾಡಿಟ್ಟಿದ್ದರೆ ಮುಲಾಮು ಅರ್ಧ ಗಂಟೆಯ ಕೆಲಸ. ಪೇಟೆಗೆ ಹೋಗುವವರಿಗೆ, ಬ್ಯಾಗಿನಲ್ಲಿಟ್ಟುಕೊಳ್ಳಲು ಇದೇ ಅನುಕೂಲ, ಚೆಲ್ಲುವುದಿಲ್ಲ. ಇದಕ್ಕೆ ಬಳಸುವ ಎಣ್ಣೆಗೆ ಮೊದಲೇ ಕರ್ಪೂರ ಹಾಕಿರಬಾರದು. ಸೋಸಿದ ಎಣ್ಣೆಯಲ್ಲಿ 100 ಗ್ರಾಂ ಬೇರೆ ತೆಗೆದಿಡಿ. ಜೇನುಮೇಣ 20 ಗ್ರಾಂ, ಪುದೀನ ಹೂವು ಅಂದರೆ ಮೆಂಥಾಲ್ 4 ಗ್ರಾಂ, ಕರ್ಪೂರ 4 ಗ್ರಾಂ, ನೀಲಗಿರಿ ಎಣ್ಣೆ ಅರ್ಧ ಚಮಚ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಎಣ್ಣೆ, ಮೇಣ ಕರಗಿಸಿ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ನೇರ ಉರಿ ಬೇಕಿಲ್ಲ. ಇಳಿಸಿ, ಪಾತ್ರೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಕೆನೆಯಂತೆ ಕಟ್ಟಲು ಶುರುವಾದಾಗ ಉಳಿದ ಮೂರನ್ನೂ ಹಾಕಿ ಕಲಕಿ ತಕ್ಷಣ ಡಬ್ಬಿಗೆ ಸುರಿಯಿರಿ. ಮುಖ ದೂರ ಇರಲಿ, ಕಣ್ಣು ಉರಿಯುತ್ತದೆ. ಆ ಮೂರನ್ನು ಹಾಕುವ ಮುಂಚೆಯೇ ಒಂದು ಹನಿ ತಣ್ಣನೆಯ ಸ್ಟೀಲ್ ತಟ್ಟೆಗೆ ಬಿಟ್ಟು ನೋಡಿ. ಗಟ್ಟಿಯಾದರೆ ಎಣ್ಣೆ ಸೇರಿಸಿ, ಜಾರಿದರೆ ಮೇಣ. ರಾಯಚೂರು, ಕಲಬುರಗಿಯ ಬೇಸಿಗೆಗೆ ಮೇಣ 25 ಗ್ರಾಂ ಆದರೇ ನಿಲ್ಲುವುದು.

ಜೇನು ಸಾಕುವವರ ಬಳಿ ಹಳೆಯ ತಟ್ಟಿ ಸಿಕ್ಕಿದರೆ ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಮೇಣ ಮೇಲೆ ಬಿಲ್ಲೆಯಾಗಿ ತೇಲುತ್ತದೆ, ಕಸ ಅಡಿಯಲ್ಲಿ ಉಳಿಯುತ್ತದೆ. ಆ ಬಿಲ್ಲೆಯ ಪರಿಮಳ ಅಂಗಡಿಯ ಮೇಣಕ್ಕಿಲ್ಲ.

ಕರ್ಪೂರ, ಓಮದ ಹೂವು, ಪುದೀನ ಹೂವು ಒಂದೇ ಶೀಶೆಗೆ ಹಾಕಿದ್ದೆ, ನೀರಾಗಿಬಿಟ್ಟಿದೆ! ಹಾಳಾಯಿತಾ?

ಇಲ್ಲ, ಹಾಗೇ ಆಗಬೇಕು. ಓಮದ ಹೂವು ಅಂದರೆ ಓಮದಿಂದ ತೆಗೆಯುವ ಥೈಮಾಲ್. ಮೂರೂ ಬೇರೆ ಬೇರೆ ಇದ್ದಾಗ ಗಟ್ಟಿ ಹರಳು. ಕೂಡಿದಾಗ ಅವುಗಳ ಕರಗುವ ಉಷ್ಣತೆ ಇಳಿದು, ಬೆಂಕಿ ಇಲ್ಲದೆ ದ್ರವವಾಗುತ್ತವೆ. ಮಕ್ಕಳಿಗೆ ತೋರಿಸಿದರೆ ಬೆರಗಾಗಿ ನೋಡುತ್ತಾರೆ. ಹಳಬರು ಇದನ್ನು ಅಮೃತಧಾರೆ ಅನ್ನುತ್ತಾರೆ. ಆದರೆ ಹಾಗೇ ಮೈಗೆ ಹಚ್ಚಬೇಡಿ, ಓಮದ ಹೂವು ಚರ್ಮ ಸುಡುತ್ತದೆ. ಕರ್ಪೂರ ಹಾಕದ 100 ಮಿಲಿ ಎಣ್ಣೆಗೆ ಒಂದು ಚಹಾ ಚಮಚ ಸಾಕು. ಮೇಣದ ಮುಲಾಮು ಮಾಡುವಾಗಲೂ ಪುದೀನ ಹೂವು, ಕರ್ಪೂರ ಹಾಕುವ ಬದಲು ಇದನ್ನೇ ಬಳಸಬಹುದು.

ಇದು ನಿಜವಾಗಿ ನೋವು ಕಡಿಮೆ ಮಾಡುತ್ತದಾ, ಅಥವಾ ಮನಸ್ಸಿನ ಸಮಾಧಾನವಾ?

ನೋವು ಕಡಿಮೆಯಾದ ಅನುಭವ ನಿಜ. ಚರ್ಮದಲ್ಲಿ ಚಳಿ ಗೊತ್ತಾಗುವ ನರದ ತುದಿಗಳಿವೆ. ಮೆಂಥಾಲ್ ಆ ತುದಿಗಳನ್ನು ಎಬ್ಬಿಸುತ್ತದೆ, ಚರ್ಮ ತಣ್ಣಗಾಗದಿದ್ದರೂ ತಂಪೆನಿಸುತ್ತದೆ. ಕರ್ಪೂರ ಬೆಚ್ಚಗಿನ ಅನುಭವ ಕೊಡುತ್ತದೆ. ಈ ಹೊಸ ಸುದ್ದಿಗಳ ನಡುವೆ ನೋವಿನ ಸುದ್ದಿ ಮಿದುಳಿಗೆ ಸ್ವಲ್ಪ ಮಂಕಾಗಿ ತಲುಪುತ್ತದೆ. ಜೊತೆಗೆ ನೀವುವ ಕೈಯ ಕೆಲಸ ದೊಡ್ಡದು. ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ಇಷ್ಟಾದರೂ ಇದು ಮುರಿದ ಮೂಳೆಯನ್ನು ಕೂಡಿಸುವುದಿಲ್ಲ, ಸವೆದ ಕೀಲನ್ನು ಹೊಸದು ಮಾಡುವುದಿಲ್ಲ. ಹಾಗೆಂದು ಯಾರಾದರೂ ಮಾರಿದರೆ ನಂಬಬೇಡಿ.

ಹಚ್ಚುವ ಕ್ರಮ?

ಮೊದಲ ಸಲವಾದರೆ ಮುಂಗೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ನಿಮಗೆ ಹೊಂದುವುದಿಲ್ಲ. ಹೊಂದಿದರೆ ಎಣ್ಣೆಯ ಬಟ್ಟಲನ್ನು ಬಿಸಿ ನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ಹತ್ತು ಹದಿನೈದು ನಿಮಿಷ ನಿಧಾನವಾಗಿ ನೀವಿ. ಅರ್ಧ ಗಂಟೆ ಬಿಟ್ಟು ಬಿಸಿ ನೀರಿನ ಸ್ನಾನ ಮಾಡಿದರೆ ಮೈ ಹಗುರವಾಗುತ್ತದೆ. ಬಚ್ಚಲ ನೆಲ ಜಾರುತ್ತದೆ, ವಯಸ್ಸಾದವರ ಜೊತೆ ಒಬ್ಬರು ಇರಲಿ.

ಮೆಂಥಾಲ್, ಕರ್ಪೂರದ ಮುಲಾಮು ಹಚ್ಚಿದ ಜಾಗಕ್ಕೆ ಬಿಸಿ ನೀರಿನ ಚೀಲ ಇಡಬೇಡಿ, ಬ್ಯಾಂಡೇಜ್ ಬಿಗಿಯಬೇಡಿ. ಚರ್ಮ ಸುಟ್ಟು ಬೊಬ್ಬೆ ಏಳುವುದುಂಟು. ಗಾಯ, ತರಚಿದ ಜಾಗ, ಕಣ್ಣಿನ ಹತ್ತಿರ ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿ ಎಷ್ಟಿದೆ ಎಂದೇ ತಿಳಿಯುವುದಿಲ್ಲ. ಅವರಿಗೆ ಬಿಸಿ ಎಣ್ಣೆ ಹಾಕುವ ಮುಂಚೆ ನಿಮ್ಮ ಕೈಗೆ ಹಾಕಿ ನೋಡಿ.

ಎಕ್ಕದ ಎಲೆ, ಸುಣ್ಣ, ಮೆಣಸಿನಕಾಯಿ ಇವೆಲ್ಲ?

ಎಕ್ಕದ ಎಲೆಗೆ ಎಣ್ಣೆ ಸವರಿ ಬಾಡಿಸಿ ಮಂಡಿಗೆ ಕಟ್ಟುವುದು ಹಳೆಯ ರೂಢಿ. ಅದರ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಮಂಜಾಗಬಹುದು. ನಾನು ಬಿಟ್ಟಿದ್ದೇನೆ. ಅರಿಶಿನಕ್ಕೆ ಸುಣ್ಣ ಕಲಸಿ ಉಳುಕಿಗೆ ಹಚ್ಚುವಾಗ ಸುಣ್ಣ ಸ್ವಲ್ಪ ಹೆಚ್ಚಾದರೂ ಚರ್ಮ ಸುಡುತ್ತದೆ. ಹುಣಸೆಹುಳಿ, ಉಪ್ಪು ಬಿಸಿ ಮಾಡಿ ಹಾಕುವ ಪಟ್ಟು ಅದಕ್ಕಿಂತ ವಾಸಿ, ಅದೂ ಎರಡು ದಿನ ಕಳೆದ ಮೇಲೆ. ಮೆಣಸಿನಕಾಯಿಯ ಖಾರದ ಅಂಶ ನೋವಿನ ಕ್ರೀಮುಗಳಲ್ಲಿ ಇರುವುದು ನಿಜ. ಆದರೆ ಅಲ್ಲಿ ಅದು ಸಾಮಾನ್ಯವಾಗಿ ಶೇ 0.1 ಅಥವಾ ಅದಕ್ಕಿಂತ ಕಡಿಮೆ ಅಳತೆಯಲ್ಲಿರುತ್ತದೆ. ಮನೆಯಲ್ಲಿ ಅಷ್ಟು ನಿಖರವಾಗಿ ಅಳೆಯಲಾಗುವುದಿಲ್ಲ, ಅಲ್ವಾ? ಕಾಡು ಗೇರಿನ ಎಣ್ಣೆಯನ್ನಂತೂ ಮುಟ್ಟಲೇಬೇಡಿ, ಮೈತುಂಬಾ ಬೊಬ್ಬೆ ಬರುತ್ತದೆ.

ಮಕ್ಕಳಿಗೆ, ಬಸುರಿಯರಿಗೆ ಹಚ್ಚಬಹುದಾ?

ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಯಾವುದೂ ಬೇಡ. ಶೀತವೆಂದು ಮೂಗಿನ ಹತ್ತಿರ ಸವರಿದರೂ ಎಳೆಯ ಮಗುವಿನ ಉಸಿರು ಕಟ್ಟಬಹುದು. ದೊಡ್ಡ ಮಕ್ಕಳಿಗೆ ಕರ್ಪೂರ ಹಾಕದ ಎಣ್ಣೆಯನ್ನೇ ಬೇರೆ ತೆಗೆದಿಡಿ. ಬಸುರಿಯರಿಗೂ, ಹಾಲೂಡಿಸುವ ತಾಯಂದಿರಿಗೂ ಬರೀ ಎಳ್ಳೆಣ್ಣೆ ಸಾಕು.

ಅದಕ್ಕಿಂತ ಮುಖ್ಯ, ಶೀಶೆ ಮಕ್ಕಳ ಕೈಗೆ ಸಿಗಬಾರದು. ಒಂದೆರಡು ವರ್ಷದ ಮಗುವಿನ ಹೊಟ್ಟೆಗೆ ಒಂದು ಗ್ರಾಂ ಕರ್ಪೂರ ಹೋದರೂ ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಶೀಶೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಅಂಗಡಿಯ ಬಾಮಿನ ಪರಿಮಳ ಬರಲು ವಿಂಟರ್‌ಗ್ರೀನ್ ಎಣ್ಣೆ ಹಾಕಲಾ?

ನೀಲಗಿರಿ ಬೆಟ್ಟಗಳಲ್ಲಿ ಬೆಳೆಯುವ ಒಂದು ಗಿಡದಿಂದ ತೆಗೆಯುವ ಎಣ್ಣೆ ಇದು, ಆ ಪರಿಮಳ ಇದರದ್ದೇ. ಇದರಲ್ಲಿ ಹೆಚ್ಚು ಕಡಿಮೆ ಪೂರ್ತಿ ಇರುವುದು ಆಸ್ಪಿರಿನ್‌ನ ಬಳಗದ ರಾಸಾಯನಿಕ. ಒಂದು ಚಹಾ ಚಮಚ ಅಂದರೆ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗೆ ಸಮ. ಮಗು ಕುಡಿದರೆ ಜೀವ ಹೋಗಬಹುದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದನ್ನು ಹಚ್ಚಿಕೊಂಡರೂ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಸ್ಪಿರಿನ್ ಅಲರ್ಜಿ ಇರುವವರಿಗೂ ಆಗುವುದಿಲ್ಲ. ಮನೆಯ ಮುಲಾಮಿಗೆ ಇದು ಬೇಡ ಎಂಬುದೇ ನನ್ನ ಅಭಿಪ್ರಾಯ.

ಜಿಮ್‌ಗೆ ಹೋದ ಮರುದಿನ ಮೈಯೆಲ್ಲ ನೋವು. ದಿನಾ ಹಚ್ಚಬಹುದಾ?

ಹಚ್ಚಬಹುದು. ಆ ನೋವು ಒಂದರಿಂದ ಮೂರನೇ ದಿನದೊಳಗೆ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅನ್ನುವವರು ಈಗಲೂ ಇದ್ದಾರೆ. ಅದು ವ್ಯಾಯಾಮ ಮುಗಿದ ಗಂಟೆ ಎರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಮಾಂಸಖಂಡದ ಎಳೆಗಳಲ್ಲಿ ಆದ ಸಣ್ಣ ಸಣ್ಣ ಹಾನಿ ಮಾಯುವಾಗಿನ ನೋವು ಇದು. ಸಂಜೆ ಎಣ್ಣೆ ನೀವಿ, ಸ್ವಲ್ಪ ನಡೆದಾಡಿ.

ಯಾವಾಗ ಎಣ್ಣೆ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಬೇಕು?

ಪೆಟ್ಟಾದ ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ. ಕೈಕಾಲು ಸೊಟ್ಟಗೆ ಕಂಡರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ. ತಲೆಗೆ ಪೆಟ್ಟಾದರೆ. ಪೆಟ್ಟೇ ಬೀಳದೆ ಮೈಮೇಲೆ ಕಪ್ಪು ಕಲೆಗಳು ಏಳುತ್ತಿದ್ದರೆ. ಸೊಂಟ ನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮೂತ್ರ ತಡೆಯಲಾಗದಿದ್ದರೆ.

ಎರಡನ್ನು ಒತ್ತಿ ಹೇಳುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಕೈ ಮುಟ್ಟಿಸಬೇಡಿ. ಎದೆ, ಎಡ ಭುಜ, ದವಡೆಯಲ್ಲಿ ನೋವು ಬಂದು ಬೆವರುತ್ತಿದ್ದರೆ ಬಾಮ್ ಹಚ್ಚುತ್ತಾ ಹೊತ್ತು ಕಳೆಯಬೇಡಿ. ವಾಯು ಅಂದುಕೊಂಡು ರಾತ್ರಿಯಿಡೀ ಎದೆ ತಿಕ್ಕಿಸಿಕೊಂಡವರನ್ನು ನಾನು ಕಂಡಿದ್ದೇನೆ.

ನಾವು ಹೊರದೇಶದಲ್ಲಿದ್ದೇವೆ, ಲಕ್ಕಿ ಸಿಗಲ್ಲ. ಏನು ಮಾಡೋಣ?

ಅಲ್ಲಿ ರೋಸ್‌ಮರಿ ಸುಲಭವಾಗಿ ಸಿಗುತ್ತದೆ. ಒಣಗಿದ ರೋಸ್‌ಮರಿ, ಒಣಶುಂಠಿ, ಓಮ ಮೂರನ್ನೂ ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೆಚ್ಚಗಿಟ್ಟು ಸೋಸಿ. ಹುರಿದ ಎಳ್ಳಿನ ಚೀನೀ ಎಣ್ಣೆ ತರಬೇಡಿ, ಅಡುಗೆಯ ವಾಸನೆ ಬರುತ್ತದೆ. ಯೂರೋಪಿನವರು ಪೆಟ್ಟಿಗೆ ಆರ್ನಿಕಾ, ಕಾಮ್‌ಫ್ರೀ ಎಂಬ ಗಿಡಗಳ ಮುಲಾಮು ಹಚ್ಚುತ್ತಾರೆ. ಅವನ್ನು ಗಾಯದ ಮೇಲೆ ಹಚ್ಚಬಾರದು. ಕಾಮ್‌ಫ್ರೀಯಲ್ಲಿ ಲಿವರಿಗೆ ಕೆಡುಕು ಮಾಡುವ ಅಂಶವಿದೆ, ತುಂಬ ದಿನ ಬಳಸಬೇಡಿ.

ಎಷ್ಟು ದಿನ ಇಡಬಹುದು?

ನೀರಿನಂಶ ಪೂರ್ತಿ ಹೋಗಿದ್ದರೆ ಎಣ್ಣೆ, ಮುಲಾಮು ಎರಡೂ ಒಂದು ವರ್ಷ. ಬಣ್ಣದ ಗಾಜಿನ ಶೀಶೆ ಒಳ್ಳೆಯದು, ಬಿಸಿಲಲ್ಲಿ ಒಣಗಿಸಿರಬೇಕು. ಒದ್ದೆ ಕೈ ಹಾಕಬಾರದು. ಜಿಡ್ಡಿನ ಕಮಟು ವಾಸನೆ ಬಂದರೆ, ಬೂಷ್ಟು ಕಂಡರೆ ಎಸೆಯಿರಿ. ಮಾಡಿದ ತಿಂಗಳು, ಹಾಕಿದ ಪದಾರ್ಥ ಬರೆದು ಅಂಟಿಸಿ. ಅಡುಗೆ ಎಣ್ಣೆಯ ಸಾಲಿನಲ್ಲಿ ಇಡಬೇಡಿ.

ಮಾಡಿ ಮಾರಬಹುದಾ?

ಮನೆಮಂದಿಗೆ, ನೆಂಟರಿಗೆ ಕೊಡುವುದು ಬೇರೆ. ನೋವಿಗೆ ಔಷಧಿ ಎಂದು ಮಾರಬೇಕಾದರೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಪ್ರಕಾರ ತಯಾರಿಕೆಯ ಪರವಾನಗಿ ಬೇಕು. ಆಯುಷ್ ಇಲಾಖೆಯಲ್ಲಿ ವಿಚಾರಿಸಿ.

ಅರಿಶಿನದ ಕಲೆ ದಿಂಬಿನ ಬಟ್ಟೆಯಿಂದ ಹೋಗುತ್ತಲೇ ಇಲ್ಲ!

ಸೋಪು ಹಾಕಿ ಜಿಡ್ಡು ತೆಗೆದು, ಒದ್ದೆ ಇರುವಾಗಲೇ ಕಡು ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಮಾಸುತ್ತದೆ. ಮಳೆಗಾಲದಲ್ಲಿ ಮಾತ್ರ ಹಳೆಯ ಸೀರೆಯ ತುಂಡನ್ನೇ ದಿಂಬಿಗೆ ಸುತ್ತಿಕೊಳ್ಳಿ.